ಘಾಟಿಗೆ ಮನಸೋಲುವ ಪತಂಗ

ಎಲೆಕೋಸು ಬೆಳೆಯುವವರಿಗೆ ವಜ್ರಬೆನ್ನಿನ ಪತಂಗ ಹಳೆಯ ಪೀಡೆ. ಸೆಂಟಿಮೀಟರೂ ಉದ್ದವಿರದ ಈ ಪತಂಗ ರೆಕ್ಕೆ ಮಡಚಿ ಕೂತರೆ ಬೆನ್ನ ಮೇಲೆ ವಜ್ರಾಕಾರದ ತಿಳಿ ಗುರುತುಗಳು ಕಾಣುತ್ತವೆ. ಎಲೆ ತಿನ್ನುವುದು ಮರಿಹುಳು; ಪತಂಗಕ್ಕೆ ಮಕರಂದ ಸಾಕು. ಆದರೂ ಗಿಡದ ಆಯ್ಕೆ ತಾಯಿಯದೇ. ಮೊಟ್ಟೆಯೊಡೆದು ಬರುವ ಹುಳುವಿಗೆ ಬೇರೆ ಗಿಡ ಹುಡುಕಿ ಹೋಗುವಷ್ಟು ತ್ರಾಣವಿರುವುದಿಲ್ಲ.

ಕೋಸು, ಮೂಲಂಗಿ, ಸಾಸಿವೆಗಳಲ್ಲಿ ಗ್ಲೂಕೋಸಿನೊಲೇಟ್ ಎಂಬ ವಸ್ತು ಇರುತ್ತದೆ. ಎಲೆ ಹರಿದಾಗ ಅದು ಕಿಣ್ವದೊಂದಿಗೆ ಬೆರೆತು ಐಸೋಥಯೋಸಯನೇಟ್ ಹೊಮ್ಮುತ್ತದೆ. ಸಾಸಿವೆ ಅರೆಯುವಾಗ ಮೂಗಿಗೇರುವ ಘಾಟು ಇದರದೇ. ಬೇರೆ ಕೀಟಗಳನ್ನು ಓಡಿಸುವ ಈ ಅಸ್ತ್ರವೇ ಪತಂಗಕ್ಕೆ ಗಿಡದ ವಿಳಾಸ. ಘಾಟನ್ನು ಗುರುತಿಸುವ ಎರಡು ಗ್ರಾಹಕಗಳನ್ನು ಚೀನಾದ ವಿಜ್ಞಾನಿಗಳು 2020ರಲ್ಲಿ ಪತ್ತೆಮಾಡಿದರು. ಜೀನ್ ತಿದ್ದಿ ಎರಡನ್ನೂ ಕೆಡಿಸಿದಾಗ ಹೆಣ್ಣುಗಳಿಗೆ ಆ ಸೆಳೆತವೇ ಹೋಯಿತು.

ಮುಸ್ಸಂಜೆಯ ನಂತರ ಎಲೆಗಿಳಿದ ಹೆಣ್ಣು ಕೂಡಲೇ ಮೊಟ್ಟೆ ಇಡುವುದಿಲ್ಲ. ಕುಡಿಮೀಸೆಯಿಂದ ಎಲೆ ತಟ್ಟುತ್ತದೆ, ಹೊಟ್ಟೆಯ ತುದಿಯನ್ನು ಎಲೆಯ ಮೇಲೆ ಸವರುತ್ತ ಸಾಗುತ್ತದೆ, ನರದ ಪಕ್ಕ ತಗ್ಗು ಸಿಕ್ಕರೆ ಪುಟ್ಟ ಹಳದಿ ಮೊಟ್ಟೆ ಅಂಟಿಸುತ್ತದೆ.

ಇಷ್ಟು ನಾಜೂಕಿನ ಪತಂಗ ಬಾರ್ಬೇರಿಯಾ ವಲ್ಗ್ಯಾರಿಸ್ ಎಂಬ ಯುರೋಪಿನ ಕಳೆಯ ಮುಂದೆ ಪೂರಾ ಬೇಸ್ತು ಬೀಳುತ್ತದೆ. ಹಳದಿ ಹೂವಿನ ಈ ಗಿಡವೂ ಸಾಸಿವೆಯ ಕುಟುಂಬದ್ದೇ. ಕೋಸು ಪಕ್ಕದಲ್ಲಿದ್ದರೂ ಪತಂಗ ಇದರ ಮೇಲೆಯೇ ಹೆಚ್ಚು ಮೊಟ್ಟೆ ಇಡುತ್ತದೆ. ಎಲೆಯೊಳಗಿನ ಸಪೋನಿನ್‌ನಿಂದಾಗಿ ಹುಳುಗಳು ತುಸು ತಿಂದು, ಬಿಟ್ಟು, ಸಾಯುತ್ತವೆ. ಸಪೋನಿನ್‌ಗೆ ಗಾಳಿಯಲ್ಲಿ ಹರಡುವ ವಾಸನೆಯಿಲ್ಲ, ಎಲೆಯ ಹೊರಮೈಯಲ್ಲೂ ಅದು ಸಿಗುವುದಿಲ್ಲ. ತಾಯಿಗೆ ಸುಳಿವು ಹತ್ತುವುದಾದರೂ ಹೇಗೆ? ಇನ್ನೂ ವಿಚಿತ್ರವೆಂದರೆ ಇದೇ ಗಿಡದ ನುಣುಪು ಎಲೆಯ ಬಗೆ ಹುಳುವನ್ನು ಕೊಲ್ಲುತ್ತದೆ, ರೋಮದ ಎಲೆಯ ಬಗೆ ಸಾಕುತ್ತದೆ. ಮರಿಗೆ ಒಗ್ಗುವುದನ್ನೇ ತಾಯಿ ಆರಿಸುತ್ತದೆ ಎಂಬ ಸಿದ್ಧಾಂತವನ್ನು ಇಷ್ಟಾದ ಮೇಲೆ ಪೂರ್ತಿ ನಂಬುವುದು ಕಷ್ಟ.

ಪತಂಗದ ಈ ಚಪಲವನ್ನು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬೇರೆ ರೀತಿಯಲ್ಲಿ ಬಳಸಿತು. 25 ಸಾಲು ಕೋಸಿನ ಆಚೀಚೆ ಸಾಸಿವೆ ಹಾಕಿಸಿ, ಪತಂಗವನ್ನು ಅತ್ತ ಸೆಳೆಯುವ ಉಪಾಯ ಅದು. ಕೋಸು ನಾಟಿಗೆ 15 ದಿನ ಮೊದಲು ಒಂದು ಸಾಲು, ನಾಟಿಯಾಗಿ 25 ದಿನಕ್ಕೆ ಇನ್ನೊಂದು ಸಾಲು ಬಿತ್ತಬೇಕು. ಸಾಸಿವೆಯಲ್ಲಿ ಹುಳು ತಾನಾಗಿ ಸಾಯುವುದಿಲ್ಲ, ಸೊಗಸಾಗಿ ಬೆಳೆಯುತ್ತದೆ. ಆ ಸಾಲಿಗೆ ಔಷಧಿ ಹೊಡೆಯದೆ ಬಿಟ್ಟರೆ ಹೊಸ ಪತಂಗಗಳು ಅಲ್ಲಿಂದಲೇ ಕೋಸಿಗೆ ಹಾರುತ್ತವೆ.