ಕೀಲಿಯ ರಿಮೋಟು ಕೈಕೊಟ್ಟಿತೇ? ಮೊದಲು ಸೆಲ್ ನೋಡಿರಿ!

ಘೋಡಗೇರಿ: ಮನೆ ಮುಂದೆ ಕಾರು ನಿಂತಿದೆ. ಟಾಕಿಯಲ್ಲಿ ಎಣ್ಣೆ ಇದೆ, ಟಾಯರು ಗಟ್ಟಿ ಇವೆ, ಬಾಡಿಗೆಯೂ ಕುದುರಿದೆ. ಆದರೆ ಕೀಲಿಕೈ ರಿಮೋಟಿನ ಬಟನ್ ಎಷ್ಟು ಒತ್ತಿದರೂ ಬಾಗಿಲು 'ಟಕ್' ಅನ್ನುವುದಿಲ್ಲ. ಹೆಬ್ಬೆರಳು ನೋಯುತ್ತದೆ, ಗಾಡಿ ಮಾತ್ರ ಕದಲುವುದಿಲ್ಲ. ಕೊನೆಗೆ ಯಾರೋ ಒಬ್ಬರು "ಇದು ಹೋತು ಬಿಡ್ರಿ, ಹೊಸಾದ ತರಸಬೇಕು" ಅನ್ನುತ್ತಾರೆ. ಹೊಸದರ ರೇಟು ಕೇಳಿದರೆ ಸಾವಿರಗಳ ಲೆಕ್ಕ. ಮೂಗಿಗಿಂತ ಮೂಗುತಿ ಭಾರ ಎಂಬ ಗಾದೆಯನ್ನು ಇಂಥದ್ದಕ್ಕೇ ಹೇಳಿರಬೇಕು.

ಹುಕ್ಕೇರಿ, ಗೋಕಾಕ, ಮೂಡಲಗಿ ಭಾಗದಲ್ಲಿ ಕಬ್ಬಿನ ಬಿಲ್ಲು ಬಂದಾಗ ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡವರು, ಅದನ್ನೇ ಬಾಡಿಗೆಗೆ ಬಿಟ್ಟು ಹೊಟ್ಟೆ ಹೊರೆಯುವವರು ಊರೂರಿಗೆ ಇದ್ದಾರೆ. ಹೊಲದ ಧೂಳು, ಕೈಬೆವರು, ಕಿಸೆಯೊಳಗಿನ ತಿಕ್ಕಾಟ ಎಲ್ಲವೂ ಸೇರಿ ನಾಲ್ಕೈದು ವರ್ಷದಲ್ಲಿ ರಿಮೋಟಿನ ರಬ್ಬರು ಹರಿದು ತೂತಾಗುತ್ತದೆ. ಆದರೆ ಸವೆದ ರಿಮೋಟು ಎಂದರೆ ಸತ್ತ ರಿಮೋಟು ಎಂದಲ್ಲ. ಕೆಟ್ಟದ್ದು ಯಾವುದು ಎಂದು ತಿಳಿಯದೇ ರೊಕ್ಕ ಬಿಚ್ಚುವುದೇ ನಷ್ಟಕ್ಕೆ ಮೂಲ.

ಒಂದು ಕೀಲಿ, ಮೂರು ಕೆಲಸ

1983ರ ಡಿಸೆಂಬರ್ 14ರಂದು ದಿಲ್ಲಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಮೊದಲ ಮಾರುತಿ 800 ಕಾರಿನ ಕೀಲಿಯನ್ನು ಹರಪಾಲ್ ಸಿಂಗ್ ಎಂಬುವರ ಕೈಗೆ ಕೊಟ್ಟರು. ಅದು ಬರೀ ಲೋಹದ ಕೀಲಿ. ಕಳೆದರೆ ಸಂತೆಯಲ್ಲಿ ಅರ ಹಿಡಿದು ಕೂತವನೇ ಇನ್ನೊಂದು ಉಜ್ಜಿ ಕೊಡುತ್ತಿದ್ದ. ಈಗಿನ ಕೀಲಿಯ ಹೊಟ್ಟೆಯಲ್ಲಿ ಮೂರು ಸಾಮಾನುಗಳಿವೆ.

ಮೊದಲನೆಯದು ಲೋಹದ ಅಲಗು. ಎರಡನೆಯದು ಬಾಗಿಲು ತೆಗೆದು ಹಾಕುವ ರೇಡಿಯೋ ರಿಮೋಟು. ಇದಕ್ಕೆ ಸೆಲ್ ಬೇಕು. ಮೂರನೆಯದು ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಚಿಪ್. ಇದಕ್ಕೆ ಸೆಲ್ ಬೇಡ. ಕೀಲಿ ಹಾಕುವ ತೂತಿನ ಸುತ್ತಲಿನ ತಂತಿ ಸುರುಳಿಯಿಂದಲೇ ಇದು ಕರೆಂಟು ಎಳೆದುಕೊಂಡು ಗಾಡಿಗೆ ತನ್ನ ಗುರುತು ಹೇಳುತ್ತದೆ. ಗುರುತು ಕೂಡದಿದ್ದರೆ ಎಂಜಿನ್ ನಡೆಯದು. ಕಳ್ಳತನ ತಡೆಯುವ ಈ ಇಮ್ಮೊಬಿಲೈಜರ್ ವ್ಯವಸ್ಥೆ ಯುರೋಪಿನ ಹೊಸ ಕಾರುಗಳಿಗೆ 1998ರಲ್ಲಿ ಕಡ್ಡಾಯವಾಯಿತು.

ಆದ್ದರಿಂದ ಬಟನ್ ಸತ್ತರೂ ಗಾಬರಿ ಬೇಡ. ಲೋಹದ ಅಲಗಿನಿಂದ ಬಾಗಿಲು ತೆಗೆಯಬಹುದು, ಗಾಡಿಯೂ ಚಾಲೂ ಆಗುತ್ತದೆ. ಕೆಲವು ಗಾಡಿ ಬೊಬ್ಬೆ ಹೊಡೆದಾವು. ಕೀಲಿ ತಿರುವಿದರೆ ಸುಮ್ಮನಾಗುತ್ತವೆ. ಒತ್ತಿ ಚಾಲೂ ಮಾಡುವ ಗಾಡಿಗಳ ರಿಮೋಟಿನೊಳಗೂ ಒಂದು ಸಣ್ಣ ಅಲಗು ಅಡಗಿರುತ್ತದೆ. ಸೆಲ್ ಸತ್ತಿದ್ದರೆ ಆ ರಿಮೋಟನ್ನೇ ಸ್ಟಾರ್ಟ್ ಬಟನ್ನಿಗೆ ತಾಗಿಸಿ ಹಿಡಿದರೆ ಬಹಳಷ್ಟು ಗಾಡಿಗಳು ಚಾಲೂ ಆಗುತ್ತವೆ. ರಾತ್ರಿ ದವಾಖಾನೆಗೆ ಹೊರಟವರಿಗೆ ಇಷ್ಟು ಗೊತ್ತಿದ್ದರೂ ಸಾಕು.

ಮೊದಲ ಮೆಟ್ಟಿಲು: ಹತ್ತಾರು ರೂಪಾಯಿ

ಮುಂಚೆ ದೂರದಿಂದ ತೆರೆಯುತ್ತಿದ್ದ ಬಾಗಿಲು ಈಗ ಹತ್ತಿರ ಹೋದರಷ್ಟೇ ತೆರೆಯುತ್ತಿದೆಯೇ? ರಿಮೋಟಿನ ಸಣ್ಣ ದೀಪ ಮಂಕಾಗಿದೆಯೇ? ಹಾಗಿದ್ದರೆ ತಪ್ಪು ಬಹುತೇಕ ಸೆಲ್ಲಿನದೇ. ಗಡಿಯಾರ ರಿಪೇರಿ ಅಂಗಡಿಯಲ್ಲೂ ಇದು ಸಿಗುತ್ತದೆ. ಆದರೆ ನಂಬರು ನೋಡಿಯೇ ತರಬೇಕು. ಸಿ.ಆರ್. 2032 ಎಂದರೆ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. 2025 ಎಂದರೆ ಅಗಲ ಅಷ್ಟೇ, ದಪ್ಪ ಮಾತ್ರ 2.5. ಎರಡೂ 3 ವೋಲ್ಟಿನವೇ. "ಎರಡೂ ಒಂದ ರೀ" ಎಂದು ತೆಳುವಾದದ್ದನ್ನು ತುರುಕಿದರೆ ಅದು ಒಳಗೆ ಅಲುಗಾಡಿ, ಒಮ್ಮೆ ಹತ್ತಿ ಒಮ್ಮೆ ಹತ್ತದೇ ಕಾಡುತ್ತದೆ.

ಹಾಕುವಾಗ ಪ್ಲಸ್ ಗುರುತು ಯಾವ ಕಡೆಗಿತ್ತು ಎಂದು ನೋಡಿಕೊಳ್ಳಬೇಕು. ಕೆಲವು ಮಾದರಿಗಳಲ್ಲಿ ಸೆಲ್ ಬದಲಿಸಿದ ಮೇಲೆ ರಿಮೋಟನ್ನು ಗಾಡಿಗೆ ಮತ್ತೆ ಹೊಂದಿಸಬೇಕಾಗುತ್ತದೆ; ಅದರ ಕ್ರಮ ಗಾಡಿಯ ಜೊತೆ ಬಂದ ಪುಸ್ತಕದಲ್ಲಿದೆ. ತೆಗೆದ ಹಳೆ ಸೆಲ್ಲನ್ನು ಮಕ್ಕಳ ಕೈಗೆ ಸಿಗುವಂತೆ ಎಸೆಯಲೇಬಾರದು. ಮಗು ನುಂಗಿ ಅದು ಗಂಟಲ ನಾಳದಲ್ಲಿ ಸಿಕ್ಕಿಕೊಂಡರೆ 2 ತಾಸಿನೊಳಗೆ ಒಳಗೆಲ್ಲ ಸುಟ್ಟು ಗಾಯ ಮಾಡಬಲ್ಲದು.

ಟಿ.ವಿ. ರಿಮೋಟನ್ನು ಮೊಬೈಲ್ ಕ್ಯಾಮೆರಾ ಮುಂದೆ ಹಿಡಿದರೆ ಬೆಳಕು ಕಾಣುತ್ತದಲ್ಲ, ಕಾರಿನದು ಹಾಗೆ ಕಾಣದು. ಅದು ಕಣ್ಣಿಗೆ ಕಾಣದ ರೇಡಿಯೋ ಅಲೆ. ಕೀಲಿ ಅಂಗಡಿಯವರ ಹತ್ತಿರ ಅಲೆ ಹೊರಡುತ್ತದೋ ಇಲ್ಲವೋ ನೋಡುವ ಸಣ್ಣ ಯಂತ್ರವಿರುತ್ತದೆ. ಹೊಸದು ಕೊಳ್ಳುವ ಮುಂಚೆ ಆ ಪರೀಕ್ಷೆ ಮಾಡಿಸುವುದು ಲೇಸು.

ಎರಡನೇ ಮೆಟ್ಟಿಲು: ನೂರಾರು ರೂಪಾಯಿ

ಸೆಲ್ ಹೊಸದಿದ್ದರೂ ಒಂದೇ ಬಟನ್ ಕೆಲಸ ಮಾಡದಿದ್ದರೆ ಒಳಗಿನ ಪುಟ್ಟ ಸ್ವಿಚ್ಚು ಸವೆದಿರುತ್ತದೆ. ಒತ್ತಿದಾಗ 'ಟಿಕ್' ಎನ್ನದಿರುವುದೇ ಅದರ ಗುರುತು. ಮೊಬೈಲ್ ರಿಪೇರಿ ಬಲ್ಲ ಹುಡುಗರು ಬೆಸುಗೆ ಹಾಕಿ ಇದನ್ನು ಬದಲಿಸಬಲ್ಲರು. ಇದಕ್ಕಾಗಿ ಬೆಳಗಾವಿ ಬಸ್ ಹತ್ತಬೇಕಾಗಿಲ್ಲ.

ರಬ್ಬರು ಹರಿದಿದ್ದರೆ, ಪ್ಲಾಸ್ಟಿಕ್ ಒಡೆದಿದ್ದರೆ ಖಾಲಿ ಕವಚ ಸಿಗುತ್ತದೆ. ಹಳೆಯದರ ಬೋರ್ಡು, ಅಲಗು, ಚಿಪ್ ಮೂರನ್ನೂ ಅದರೊಳಗೆ ಕೂರಿಸಿದರೆ ಕೀಲಿ ಹೊಸದರಂತೆ ಕಾಣುತ್ತದೆ. ಎಡವುವುದು ಇಲ್ಲೇ. ಚಿಪ್ ಕೆಲವದರಲ್ಲಿ ಬೋರ್ಡಿನ ಮೇಲೇ ಇರುತ್ತದೆ, ಕೆಲವದರಲ್ಲಿ ಇದ್ದಿಲ ಚೂರಿನಂತೆ ಬೇರೆಯಾಗಿ ಕವಚದ ಮೂಲೆಯಲ್ಲಿ ಕೂತಿರುತ್ತದೆ. ಅದನ್ನು ಕಾಣದೇ ಹಳೆ ಕವಚವನ್ನು ಕಸಕ್ಕೆ ಎಸೆದರೆ ಬಾಗಿಲು ತೆರೆಯುತ್ತದೆ, ಗಾಡಿ ಮಾತ್ರ ಚಾಲೂ ಆಗದು. ನೂರಾರು ರೂಪಾಯಿಯ ಕೆಲಸ ಸಾವಿರಾರಕ್ಕೆ ಏರುವುದು ಹೀಗೆ. ಹೊಸ ಕೀಲಿಯಿಂದ ಎಂಜಿನ್ ಚಾಲೂ ಆಗುವವರೆಗೆ ಹಳೆ ಕವಚವನ್ನು ಕಿಸೆಯಲ್ಲೇ ಇಟ್ಟುಕೊಳ್ಳಬೇಕು.

ಇನ್ನು ನೀರು. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕದ ಮನೆ-ಅಂಗಡಿಗೆ ನುಗ್ಗಿದ್ದನ್ನು ಕಂಡವರಿಗೆ ನೀರು ಹೊಕ್ಕ ಸಾಮಾನಿನ ಗತಿ ಹೇಳಬೇಕಿಲ್ಲ. ರಿಮೋಟು ತೊಯ್ದರೆ ಬಟನ್ ಒತ್ತಿ ನೋಡುತ್ತ ಕೂರದೇ ಮೊದಲು ಸೆಲ್ ತೆಗೆಯಬೇಕು. ಸೆಲ್ ಒಳಗಿದ್ದಷ್ಟೂ ಜಂಗು ಬೇಗ ಹಿಡಿಯುತ್ತದೆ. ಆಮೇಲೆ ಬೋರ್ಡನ್ನು ಮೊಬೈಲ್ ಅಂಗಡಿಯ ಸ್ಪಿರಿಟ್‌ನಿಂದ ಒರೆಸಿ ಒಣಗಿಸಿದರೆ ಎಷ್ಟೋ ರಿಮೋಟು ಬದುಕುತ್ತವೆ.

ಕೊನೆಯ ಮೆಟ್ಟಿಲು: ಸಾವಿರಾರು ರೂಪಾಯಿ

ಬೋರ್ಡೇ ಸುಟ್ಟಿದ್ದರೆ ಅಥವಾ ಕೀಲಿ ಕಳೆದಿದ್ದರೆ ಹೊಸದೇ ಗತಿ. ಕಂಪನಿ ಷೋರೂಮಿನಲ್ಲಿ ಆರ್.ಸಿ., ಗುರುತಿನ ಚೀಟಿ ಕೇಳುತ್ತಾರೆ. ಹೊರಗಿನ ಕೀಲಿಯವರು ಯಂತ್ರ ಜೋಡಿಸಿ ಗಾಡಿಯ ನೆನಪಿಗೆ ಹೊಸ ಚಿಪ್ ಸೇರಿಸುತ್ತಾರೆ. ಸಾಮಾನ್ಯವಾಗಿ ಅಲ್ಲಿ ಖರ್ಚು ಕಡಿಮೆ. ಆದರೆ ಆರ್.ಸಿ. ಕೇಳದೇ ಕೀಲಿ ಮಾಡುವವನು ನಾಳೆ ಅದೇ ಗಾಡಿಯ ಕೀಲಿಯನ್ನು ಮತ್ತೊಬ್ಬನಿಗೂ ಮಾಡಿಕೊಟ್ಟಾನು! ಅಂಗಡಿಯವರು ಕಾಗದ ಕೇಳಿದರೆ ಗಿರಾಕಿ ಸಿಟ್ಟಾಗಬಾರದು, ಸಮಾಧಾನ ಪಡಬೇಕು.

ಅಲಗು ಸವೆದಿದ್ದರೆ ಅದನ್ನೇ ನೋಡಿ ಇನ್ನೊಂದು ಕೊರೆಸಬಾರದು. ಸವಕಳಿಯೂ ಹಾಗೇ ನಕಲಾಗುತ್ತದೆ. ಹೊಸ ಗಾಡಿಯ ಜೊತೆ ಬರುವ ಕೀಲಿ ನಂಬರಿನ ಬಿಲ್ಲೆ ಇದ್ದರೆ ಅದರಿಂದ ಸರಿಯಾದ ಅಲಗು ಕೊರೆಯಬಹುದು. ಬಹಳ ಮಂದಿ ಆ ಬಿಲ್ಲೆಯನ್ನು ಆಟಿಕೆಯೆಂದು ಬಿಸಾಡಿರುತ್ತಾರೆ.

ಎರಡನೇ ಕೀಲಿ ಎಲ್ಲಿ?

"ಒಂದ ಕೀಲಿ ಐತಿ, ಸಾಕಲ್ಲ" ಎಂದು ಹಳೆ ಗಾಡಿ ಕೊಳ್ಳುವವರೇ ಹೆಚ್ಚು. ಸಾಲುವುದಿಲ್ಲ. ಒಂದು ಕೀಲಿ ನೆಟ್ಟಗಿದ್ದಾಗ ಇನ್ನೊಂದು ಮಾಡಿಸುವುದು ಸುಲಭ, ಅಗ್ಗ. ಇದ್ದದ್ದೂ ಕಳೆದ ಮೇಲೆ ಗಾಡಿಯನ್ನು ಎಳೆಸಿಕೊಂಡು ಹೋಗಬೇಕಾದೀತು. ಗಾಡಿ ಕಳುವಾದರೆ ವಿಮಾ ಕಂಪನಿಯವರು ಎರಡೂ ಅಸಲು ಕೀಲಿ ಕೇಳುವುದು ವಾಡಿಕೆ. ಒಂದೇ ತೋರಿಸಿದರೆ ಪರಿಹಾರಕ್ಕೆ ತಕರಾರು ಬರುತ್ತದೆ. ಆದ್ದರಿಂದ ಕೆಟ್ಟ ಕೀಲಿಯನ್ನೂ ಎಸೆಯದೇ ಟ್ರಂಕಿನಲ್ಲಿಡಬೇಕು. ಹೊಸದು ಮಾಡಿಸಿದ ಪಾವತಿಯೂ ಜೊತೆಗಿರಲಿ. ಕೀಲಿ ಕಳೆದಿದ್ದರೆ ಪೊಲೀಸ್ ಠಾಣೆಯಲ್ಲಿ ದೂರು ಬರೆಸಿ ನಕಲು ಪಡೆಯಬೇಕು. ವಿಮೆ ಕಟ್ಟುವಾಗ ಸ್ವಲ್ಪ ಹೆಚ್ಚು ಕಟ್ಟಿದರೆ ಕೀಲಿ ಬದಲಿಸುವ ಖರ್ಚನ್ನೂ ಕೊಡುವ ಪಾಲಿಸಿಗಳಿವೆ.

ಹಳೆ ಗಾಡಿ ಕೊಂಡವರು ಇನ್ನೊಂದು ಕೆಲಸ ಮಾಡಬೇಕು. ಕೈಯಲ್ಲಿರುವ ಕೀಲಿಗಳನ್ನಷ್ಟೇ ಉಳಿಸಿ ಮಿಕ್ಕವನ್ನು ಗಾಡಿಯ ನೆನಪಿನಿಂದ ಅಳಿಸಿರೆಂದು ಕೀಲಿಯವರಿಗೆ ಹೇಳಬೇಕು. ಹಳೇ ಮಾಲಕನ ಮನೆಯಲ್ಲಿ ಉಳಿದ ಕೀಲಿ ಯಾರ ಕೈ ಸೇರೀತೋ ಬಲ್ಲವರಾರು? ಮೊದಲು ಸೆಲ್, ಆಮೇಲೆ ಕವಚ ಮತ್ತು ಸ್ವಿಚ್ಚು, ಕಟ್ಟಕಡೆಗೆ ಹೊಸ ಕೀಲಿ. ಈ ಕ್ರಮ ಬಿಟ್ಟು ಕೊನೆಯ ಮೆಟ್ಟಿಲಿಗೆ ಜಿಗಿದವರ ಕಿಸೆಯೇ ಹಗುರಾಗುವುದು.