ಖಾಸಗಿ ಜಮೀನಿನ ಮೂಲಕ ಗುಡ್ಡಕ್ಕೆ ಹೋಗುವ ದಾರಿ: ಸಾರ್ವಜನಿಕರಿಗೆ ಮಾಹಿತಿ

ವಿಜಯಪುರ, ತಿಕೋಟಾ ಹಾಗೂ ಬಬಲೇಶ್ವರ ಭಾಗದ ಭೂಮಿಯು ಬಹುಮಟ್ಟಿಗೆ ಬಯಲು. ನಡುನಡುವೆ ಇರುವ ದಿನ್ನೆ, ಗುಡ್ಡಗಳ ಸುತ್ತ ಜೋಳದ ಹೊಲ, ದ್ರಾಕ್ಷಿ ತೋಟಗಳಿರುವುದುಂಟು. ವಾಯುವಿಹಾರಕ್ಕಾಗಿ ಅಥವಾ ದೇವರ ದರ್ಶನಕ್ಕಾಗಿ ಗುಡ್ಡವೇರುವವರಿಗೂ ಜಮೀನಿನ ಹಿಡುವಳಿದಾರರಿಗೂ ದಾರಿಯ ವಿಷಯದಲ್ಲಿ ವ್ಯಾಜ್ಯಗಳು ಉಂಟಾಗದಂತೆ ಈ ಕೆಳಗಿನ ಮಾಹಿತಿಯನ್ನು ನೀಡಲಾಗಿದೆ.

ಖರಾಬು ಎಲ್ಲವೂ ಸರ್ಕಾರಿ ಜಮೀನಲ್ಲ

ಕಲ್ಲುಗುಡ್ಡವು ಪಹಣಿಯಲ್ಲಿ ಖರಾಬು ಎಂದು ದಾಖಲಾಗಿದ್ದರೆ ಅದು ಸಾರ್ವಜನಿಕ ಸ್ವತ್ತು ಎಂಬ ಭಾವನೆ ಸರಿಯಲ್ಲ. ಕರ್ನಾಟಕ ಭೂಕಂದಾಯ ನಿಯಮಗಳು, 1966ರ ಪ್ರಕಾರ ಖರಾಬು ಎರಡು ವಿಧ. ‘ಅ’ ಖರಾಬು ಸಾಗುವಳಿಗೆ ಯೋಗ್ಯವಲ್ಲದಿದ್ದರೂ ಹಿಡುವಳಿದಾರರ ಸ್ವಾಧೀನದಲ್ಲಿಯೇ ಇರುತ್ತದೆ. ರಸ್ತೆ, ಅಂಗೀಕೃತ ಕಾಲುದಾರಿ, ಕೆರೆ, ಹಳ್ಳ ಮುಂತಾಗಿ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟಿರುವುದು ‘ಬ’ ಖರಾಬು. ಆದುದರಿಂದ ಗುಡ್ಡದ ತುದಿ ‘ಅ’ ಖರಾಬಾಗಿದ್ದಲ್ಲಿ ಮಾಲೀಕರ ಒಪ್ಪಿಗೆ ಅಗತ್ಯ.

ಯಾವ ದಾಖಲೆ ನೋಡಬೇಕು

1. ಗ್ರಾಮ ನಕಾಶೆ: ಬಂಡಿದಾರಿ, ಕಾಲುದಾರಿಗಳನ್ನು ಗುರುತಿಸಿರುತ್ತದೆ.
2. ಪಹಣಿ: ಸರ್ವೆ ನಂಬರಿನ ವಿಸ್ತೀರ್ಣ ಹಾಗೂ ಖರಾಬಿನ ವಿವರ.
3. ಆಕಾರಬಂದ್ ಮತ್ತು ಟಿಪ್ಪಣಿ: ಮೂಲ ಮೋಜಣಿಯ ವಿವರ.

ದಾರಿಯ ಹಕ್ಕು

ಸ್ಕಾಟ್‌ಲೆಂಡಿನಲ್ಲಿ 2003ರ ಕಾಯ್ದೆಯು ಖಾಸಗಿ ಗುಡ್ಡಗಳಲ್ಲಿಯೂ ನಡೆದಾಡುವ ಹಕ್ಕನ್ನು ಎಲ್ಲರಿಗೂ ನೀಡಿದೆ. ನಮ್ಮಲ್ಲಿ ಅಂತಹ ಸಾಮಾನ್ಯ ಹಕ್ಕು ಇರುವುದಿಲ್ಲ. ನಕಾಶೆಯಲ್ಲಿ ಕಂಡ ಸಾರ್ವಜನಿಕ ದಾರಿಯನ್ನು ಯಾರು ಬೇಕಾದರೂ ಉಪಯೋಗಿಸಬಹುದು. ನಕಾಶೆಯಲ್ಲಿಲ್ಲದ ದಾರಿಗೆ, ಭಾರತೀಯ ಅನುಭೋಗ ಹಕ್ಕುಗಳ ಕಾಯ್ದೆ, 1882ರ 15ನೇ ಕಲಮಿನಂತೆ, 20 ವರ್ಷ ಬಹಿರಂಗವಾಗಿ, ಶಾಂತಿಯುತವಾಗಿ, ಅಡೆತಡೆಯಿಲ್ಲದೆ, ಹಕ್ಕೆಂದು ಬಳಸಿದ್ದನ್ನು ರುಜುವಾತುಪಡಿಸಬೇಕು. ಈ ಹಕ್ಕು ತಮ್ಮ ಜಮೀನಿನ ಉಪಯೋಗಕ್ಕಾಗಿ ದಾರಿ ಬೇಕಾದವರಿಗೆ ದೊರೆಯುವಂಥದ್ದು. ಕೇವಲ ವಿಹಾರಕ್ಕೆ ಬಂದವರಿಗೆ ಅನ್ವಯಿಸದು. ಊರಿನ ರೂಢಿಯ ಮೇಲಿನ ಹಕ್ಕನ್ನು ಅದೇ ಕಾಯ್ದೆಯ 18ನೇ ಕಲಮು ಮಾನ್ಯ ಮಾಡುತ್ತದೆ. ಆದರೆ ಆ ರೂಢಿಯನ್ನು ಸಾಬೀತುಪಡಿಸಬೇಕು.

ಅನುಮತಿಯಿಂದ ನಡೆದ ದಾರಿ ಎಷ್ಟು ವರ್ಷವಾದರೂ ಹಕ್ಕಾಗುವುದಿಲ್ಲ. ಎಳ್ಳ ಅಮವಾಸ್ಯೆಯಂದು ಚರಗ ಚೆಲ್ಲಲು ಹೊಲಕ್ಕೆ ಕರೆದ ಮಾತ್ರಕ್ಕೆ ಅತಿಥಿಗಳಿಗೆ ದಾರಿಯ ಹಕ್ಕು ಬರುವುದಿಲ್ಲ. ಆದುದರಿಂದ ಹಿಡುವಳಿದಾರರು ಅಂಜಿಕೆಯಿಲ್ಲದೆ ಅನುಮತಿ ನೀಡಬಹುದು.

ದಾರಿ ಮುಚ್ಚಿದಲ್ಲಿ

ನಕಾಶೆಯಲ್ಲಿರುವ ದಾರಿಯನ್ನು ಮುಚ್ಚಿದ್ದರೆ ಸರ್ವೆ ನಂಬರು, ನಕಾಶೆ ಹಾಗೂ ಪಹಣಿ ಪ್ರತಿಗಳೊಂದಿಗೆ ಸಂಬಂಧಪಟ್ಟ ತಹಶೀಲ್ದಾರರಿಗೆ ಲಿಖಿತ ಅರ್ಜಿ ಸಲ್ಲಿಸತಕ್ಕದ್ದು. ದಾರಿಯ ವಿವಾದದಿಂದ ಶಾಂತಿಭಂಗದ ಸಂಭವವಿದ್ದಲ್ಲಿ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023ರ 166ನೇ ಕಲಮಿನಡಿ ಕಾರ್ಯನಿರ್ವಾಹಕ ದಂಡಾಧಿಕಾರಿಗಳು ವಿಚಾರಣೆ ನಡೆಸಿ, ಹಕ್ಕು ಕಂಡುಬಂದಲ್ಲಿ ಅಡ್ಡಿಪಡಿಸದಂತೆ ಆದೇಶಿಸಬಹುದು. ವರ್ಷವಿಡೀ ಬಳಸುವ ದಾರಿಯನ್ನು ವಿಚಾರಣೆಗೆ ಕಾರಣವಾದ ವರದಿ ತಲುಪುವ ಮುನ್ನಿನ ಮೂರು ತಿಂಗಳೊಳಗೆ ಬಳಸಿರಬೇಕಾದ್ದರಿಂದ ವಿಳಂಬ ಸಲ್ಲದು. ಹಕ್ಕಿನ ಅಂತಿಮ ತೀರ್ಮಾನ ಸಿವಿಲ್ ನ್ಯಾಯಾಲಯದ್ದು.

ಬೇಲಿ ಕೀಳುವುದು, ಬೆಳೆ ತುಳಿಯುವುದು ಇವು ನಡೆಯುವವರ ಹಕ್ಕಿಗೇ ಧಕ್ಕೆ ತರುತ್ತವೆ. ಸಾರ್ವಜನಿಕರು ಮೊದಲು ನಕಾಶೆ ನೋಡಿ, ದಾರಿ ಇಲ್ಲದೆಡೆ ಮಾಲೀಕರನ್ನು ಕೇಳಿ, ಬದುವಿನ ಮೇಲೆ ಮಾತ್ರ ಸಾಗಲು ಕೋರಲಾಗಿದೆ.