ನನ್ನ ಪೋಸ್ಟರ್‌ಗೆ ಸ್ಕ್ರೀನ್ ರೀಡರ್ ಹೇಳಿದ್ದು ‘ಇಮೇಜ್’

ದೊಡ್ಡಮಳೂರಿಗೆ ಟ್ರಿಪ್ ಹಾಕಿದಾಗ ನಮ್ಮ ಕ್ಲಬ್ ಪುಟಕ್ಕೆ ಪೋಸ್ಟರ್ ಮಾಡಿದವನು ನಾನೇ. ಅಪ್ರಮೇಯ ದೇವಸ್ಥಾನದ ಅಂಬೆಗಾಲು ಕೃಷ್ಣನ ಚಿತ್ರ, ಅದರ ಮೇಲೇ ಬಸ್ ಹೊರಡುವ ಹೊತ್ತು, ಜಾಗ, ದುಡ್ಡು. ಎಲ್ಲರೂ ಸೂಪರ್ ಅಂದ್ರು. ಕಣ್ಣು ಕಾಣದ ಜೂನಿಯರ್ ಒಬ್ಬ ಮಾತ್ರ ಬರಲಿಲ್ಲ. ಅವನ ಸ್ಕ್ರೀನ್ ರೀಡರ್ ಓದಿದ್ದು ‘ಇಮೇಜ್’ ಅನ್ನೋ ಒಂದೇ ಪದ.

ಸ್ಕ್ರೀನ್ ರೀಡರ್ ದನಿಯಾಗಿಸುವುದು ಕೋಡ್‌ನಲ್ಲಿರುವ ಪಠ್ಯವನ್ನು. ಉಚಿತವಾಗಿ ಸಿಗುವ ಎನ್‌ವಿಡಿಎ ಕನ್ನಡವನ್ನೂ ಓದುತ್ತೆ. ಹಾಗಾಗಿ ಚಿತ್ರಕ್ಕೆ ಆಲ್ಟ್ ಟೆಕ್ಸ್ಟ್ ಬೇಕು. ಆದ್ರೆ ‘ಕೃಷ್ಣನ ಚಿತ್ರ’ ಅಂತ ಬರೆದು ಕೈ ತೊಳೆದುಕೊಂಡರೆ ಬಸ್ ಎಷ್ಟೊತ್ತಿಗೆ ಅಂತ ಅವನಿಗೆ ಗೊತ್ತಾಗೋದು ಹೇಗೆ? ಆ ವಿವರವನ್ನು ಚಿತ್ರದ ಕೆಳಗೆ ಅಕ್ಷರದಲ್ಲೇ ಕೊಡಬೇಕು.

ಕನ್ನಡಕ್ಕೆ ಇನ್ನೊಂದು ತಾಪತ್ರಯ ಇದೆ. ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದು ಕಣ್ಣಿಗೆ ಕನ್ನಡ, ಒಳಗೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆ. ರೀಡರ್ ಅದನ್ನೇ ಗೊಣಗುತ್ತೆ. ಯೂನಿಕೋಡ್‌ಗೆ ಬದಲಿಸಿ, ಪುಟದ ಭಾಷೆ ‘ಕೆಎನ್’ ಅಂತ ಕೋಡ್‌ನಲ್ಲಿ ಸೂಚಿಸಿ.

ಹಳದಿ ಮೇಲೆ ಬಿಳಿ ಅಕ್ಷರವೂ ಬೇಡ. ಡಬ್ಲ್ಯೂಸಿಎಜಿ ಮಾರ್ಗಸೂಚಿ ಸಾಮಾನ್ಯ ಪಠ್ಯಕ್ಕೆ ಕನಿಷ್ಠ 4.5:1 ಕಾಂಟ್ರಾಸ್ಟ್ ಕೇಳುತ್ತೆ.

ಪೋಸ್ಟರ್ ಕೆಳಗೆ ಈಗ ನಾಲ್ಕು ಸಾಲು ಸೇರಿಸಿದ್ದೀನಿ. ಅದನ್ನು ಕೇಳಿಸಿಕೊಂಡು ನನ್ನದೊಂದು ಕಾಗುಣಿತದ ತಪ್ಪು ಹಿಡಿದವನೂ ಅವನೇ.